ಚಾರಣದಲ್ಲಿ ಪಾದಕ್ಕೆ ಬೊಬ್ಬೆ ಎದ್ದಾಗ

ಬೊಬ್ಬೆ ಏಳುವ ಮುನ್ನ ಹಿಮ್ಮಡಿಯಲ್ಲಿ ನಾಣ್ಯದಗಲದ ಜಾಗವೊಂದು ಬಿಸಿಯಾಗಿ ಉರಿಯತೊಡಗುತ್ತದೆ. ಜೊತೆಯವರು ಮುಂದೆ ಹೋದರೂ ಸರಿ, ಆ ಕ್ಷಣವೇ ಕುಳಿತು ಬೂಟು ಬಿಚ್ಚಿ, ಬೆವರು ಒರೆಸಿ, ಅಲ್ಲಿಗೆ ಟೇಪು ಅಂಟಿಸಿಕೊಳ್ಳಬೇಕೆಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಬೊಬ್ಬೆ ಎದ್ದೇಬಿಟ್ಟರೂ, ಚಿಕ್ಕದಾಗಿದ್ದು ಹೆಚ್ಚು ನೋಯದಿದ್ದರೆ ಅದನ್ನು ಒಡೆಯಬಾರದು, ಏಕೆಂದರೆ ಮೇಲಿನ ಚರ್ಮವೇ ಒಳಗಿನ ಹಸಿ ಚರ್ಮಕ್ಕೆ ರಕ್ಷಣೆ. ಹೆಜ್ಜೆಯಿಡಲಾಗದಷ್ಟು ನೋಯುವ ದೊಡ್ಡ ಬೊಬ್ಬೆಯಾದರೆ, ಕೈಯನ್ನೂ ಬೊಬ್ಬೆಯನ್ನೂ ಸೋಪಿನಿಂದ ತೊಳೆದು, ಸ್ಪಿರಿಟ್‌ನಿಂದ ಒರೆಸಿದ ಸೂಜಿಯಲ್ಲಿ ಅಂಚಿಗೆ ಚುಚ್ಚಿ, ನೀರನ್ನು ಮೆಲ್ಲನೆ ಹೊರಗೊತ್ತಿ, ಸುಕ್ಕುಗಟ್ಟಿದ ಚರ್ಮವನ್ನು ಕೀಳದೆ ಹಾಗೆಯೇ ಕೂರಿಸಿ, ವ್ಯಾಸಲೀನ್ ಸವರಿ ಬ್ಯಾಂಡೇಜು ಹಾಕಬೇಕು. ಮಧುಮೇಹ ಇರುವವರು ಮಾತ್ರ ಸೂಜಿಯ ಗೋಜಿಗೇ ಹೋಗದೆ ವೈದ್ಯರಿಗೆ ತೋರಿಸಬೇಕು. ಕೀವು, ಸುತ್ತ ಹಬ್ಬುವ ಕೆಂಪು ಅಥವಾ ಜ್ವರ ಕಂಡರೆ ಯಾರೇ ಆಗಲಿ ತಡಮಾಡಬಾರದು.