ನಮ್ಮಜ್ಜಿ ಇಲ್ಲೇ ಇದ್ದಾರೆ

ಮಾನಸ ಸರೋವರದಿಂದ ವಾಪಸ್ ಬಂದು ಇನ್ನೂ ವಾರ ಆಗಿಲ್ಲ. ಕೈಲಾಸದ ದರ್ಶನ ಚೆನ್ನಾಗಿ ಆಯ್ತು. ಆದರೆ ತಲೆಯಲ್ಲಿ ಕೂತಿರುವುದು ಕೈಲಾಸದ ಬುಡದಲ್ಲಿರುವ ದಾರ್ಚೆನ್ ಊರಿನಲ್ಲಿ ಪರಿಕ್ರಮೆಗೆ ಕುದುರೆ ಕಾಯುತ್ತಾ ನಿಂತಾಗ ಕೇಳಿದ ಒಂದು ಮಾತು.

ನಮ್ಮ ಗುಂಪಿನ ಹಿರಿಯರೊಬ್ಬರು ಸುತ್ತ ನೋಡಿ, ಗೈಡ್ ಹತ್ತಿರ ಹಿಂದಿಯಲ್ಲಿ, "ಬರೀ ಕಲ್ಲು, ಮಣ್ಣು. ಇದು ದೇವರು ಇರೋ ಜಾಗ, ಮನುಷ್ಯರು ಇರೋ ಜಾಗ ಅಲ್ಲ" ಅಂದರು. ಭಕ್ತಿಯಿಂದಲೇ ಅಂದದ್ದು. ದಾರಿಯುದ್ದಕ್ಕೂ ಎಲ್ಲರಿಗೂ ಮಾತ್ರೆ, ಬಿಸಿನೀರು ಕೊಟ್ಟು ನೋಡಿಕೊಂಡ ಒಳ್ಳೆಯ ಮನುಷ್ಯ. ಗೈಡ್ ಅದನ್ನು ಕುದುರೆಯ ಹುಡುಗನಿಗೆ ಹೇಳಿದ. ಹುಡುಗ ಜೀನಿನ ಪಟ್ಟಿ ಬಿಗಿಯುತ್ತಲೇ, "ನಮ್ಮಜ್ಜಿ ಇಲ್ಲೇ ಇದ್ದಾರೆ" ಅಂದನಂತೆ. ಅಷ್ಟೇ. ಮುಖದಲ್ಲಿ ಕೋಪ ಇರಲಿಲ್ಲ.

ನಮ್ಮಜ್ಜಿ ಇಲ್ಲೇ ಇದ್ದಾರೆ. ಇದಕ್ಕೆ ಏನು ಉತ್ತರ ಕೊಡ್ತೀರಿ?

ಕೈಲಾಸ, ಮಾನಸ ಸರೋವರ ಎರಡೂ ಟಿಬೆಟ್‌ನ ಪುರಂಗ್ ಅನ್ನುವ ಜಿಲ್ಲೆಯಲ್ಲಿವೆ. ಮಳೆಯ ಮೋಡವೆಲ್ಲ ಹಿಮಾಲಯದ ನಮ್ಮ ಕಡೆಯೇ ಸುರಿದುಬಿಡುತ್ತೆ, ಅಲ್ಲಿಗೆ ಬರುವುದು ಅಲ್ಪಸ್ವಲ್ಪ. ಸರೋವರದ ಸುತ್ತ ಒಂದು ಮರ ಇಲ್ಲ. ಒಲೆಗೆ ಯಾಕ್ ಸಗಣಿಯೇ ಗತಿ. ಒಬ್ಬ ಹೆಂಗಸು ಒಣಗಿದ್ದನ್ನು ಬೆರಳಿಂದ ತಟ್ಟಿ, ಹಸಿ ಇದ್ದದ್ದನ್ನು ಮಗುಚಿ ಹಾಕಿ, ಉಳಿದದ್ದನ್ನು ಬೆನ್ನಿನ ಬುಟ್ಟಿಗೆ ತುಂಬಿಕೊಳ್ಳುತ್ತಿದ್ದರು. 4,590 ಮೀಟರ್ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತೆ, ಅನ್ನ ಸರಿಯಾಗಿ ಬೇಯಲ್ಲ. ಅದಕ್ಕೇ ಅವರು ಬಾರ್ಲಿಯನ್ನು ಹುರಿದು ಬೀಸಿಟ್ಟುಕೊಳ್ಳುತ್ತಾರೆ. ಥೇಟ್ ನಮ್ಮ ಹುರಿಹಿಟ್ಟು. ಬೆಣ್ಣೆ ಚಹಾದಲ್ಲಿ ಕಲಸಿ ಉಂಡೆ ಮಾಡಿದರೆ ಊಟ ಆಯ್ತು. ಎಷ್ಟು ಯೋಚನೆ ಮಾಡಿ ಬಾಳುವ ಜನ ಅಲ್ವಾ?

ಇನ್ನು ಕೆಳಗೆ, ಅದೇ ಜಿಲ್ಲೆಯ ತಕ್ಲಾಕೋಟ್ ಪಟ್ಟಣದಲ್ಲಂತೂ ಕರ್ನಾಲಿ ನದಿಯ ಪಕ್ಕ ಬಾರ್ಲಿ, ಬಟಾಣಿ ಬೆಳೆಯುತ್ತಾರೆ. ಹಿಮ ಕರಗಿದ ನೀರನ್ನು ಕಾಲುವೆ ತೋಡಿ ಹೊಲಕ್ಕೆ ತಿರುಗಿಸಿಕೊಂಡಿದ್ದಾರೆ. ಆ ಹಸಿರಿನ ಪಕ್ಕದಲ್ಲೇ ನಮ್ಮ ಬಸ್ ಹೋಯಿತು. ಎಲ್ಲರ ಕಣ್ಣೂ ಬೆಟ್ಟದ ಮೇಲೆಯೇ.

ಹೊರಡುವ ಮೊದಲು ಕೊಟ್ಟ ಪುಸ್ತಿಕೆಯಲ್ಲಿ ಆಮ್ಲಜನಕ, ಸ್ವೆಟರ್, ಮಾತ್ರೆ ಎಲ್ಲ ಇತ್ತು. ಅಲ್ಲಿ ಜನ ಇದ್ದಾರೆ, ಬೇಸಾಯ ಮಾಡ್ತಾರೆ ಅಂತ ಒಂದು ಸಾಲೂ ಇಲ್ಲ. ನನಗೆ ಇದು ಬಹಳ ಬೇಜಾರು ತಂದಿದೆ. ಮುಂದೆ ಹೋಗುವವರಿಗೆ ಕೇಳಿಕೊಳ್ಳುತ್ತೇನೆ: ಎತ್ತರಕ್ಕೆ ಮೈ ಒಗ್ಗಲಿ ಅಂತ ತಕ್ಲಾಕೋಟ್‌ನಲ್ಲಿ ನಿಲ್ಲಿಸ್ತಾರಲ್ಲ, ಆಗ ಸುಮ್ನೆ ರೂಮಿನಲ್ಲೇ ಮಲಗಬೇಡಿ. ನಿಧಾನಕ್ಕೆ ಹೊಲದ ಕಡೆ ನಡೆದು ಬನ್ನಿ. ಮಧ್ಯಾಹ್ನದ ಮೇಲೆ ಗಾಳಿ ಜಾಸ್ತಿ, ಬೆಳಗ್ಗೆಯೇ ಹೋಗಿ.