ಕಟ್ಟು ಚೆಲ್ಲಬೇಡ

ಒಬ್ಬಟ್ಟಿಗೆ ಬೇಳೆ ಎಷ್ಟು ಬೇಯಬೇಕು ಅಂತ ಅಮ್ಮನನ್ನು ಮೊದಲ ಸಲ ಕೇಳಿದಾಗ ನನಗೆ 38 ವರ್ಷ. ಫೋನಿನ ಆ ಕಡೆ ಒಂದು ಗಳಿಗೆ ಮಾತೇ ಇಲ್ಲ. ಆಮೇಲೆ, "ಯಾಕಪ್ಪ, ಅವಳಿಗೆ ಹುಷಾರಿಲ್ವಾ?" ಅಂದರು.

ಹೆಂಡತಿ ಹುಷಾರಾಗಿಯೇ ಇದ್ದಳು. ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಅದರ ಹಿಂದಿನ ವರ್ಷದ ಹಬ್ಬ. 2024ರ ಯುಗಾದಿ ಏಪ್ರಿಲ್ 9, ಮಂಗಳವಾರ ಬಂದಿತ್ತು. ನಾವಿರುವ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಅದು ಮಾಮೂಲಿ ಕೆಲಸದ ದಿನ. ಅವಳು ನಾಲ್ಕಕ್ಕೆ ಎದ್ದು, ತಲೆಗೆ ನೀರು ಹಾಕಿಕೊಂಡು, ಹೂರಣ ಮಾಡಿ, ಒಬ್ಬಟ್ಟು ತಟ್ಟಿ, ನೈವೇದ್ಯ ಮುಗಿಸಿ ಎಂಟೂವರೆಗೆ ಆಫೀಸಿಗೆ ಓಡಿದ್ದಳು. ನಾನು ಏಳಕ್ಕೆ ಎದ್ದು ಹೊಸ ಅಂಗಿ ತೊಟ್ಟು ನಾಲ್ಕು ಒಬ್ಬಟ್ಟು ತಿಂದಿದ್ದೆ. ಸಂಜೆ ಬಂದವಳು ಸೋಫಾದಲ್ಲಿ ಕೂತಲ್ಲೇ ನಿದ್ದೆ ಹೋದಳು. ಅವಳ ಉಗುರಿನ ಸಂದಿಯಲ್ಲಿ ಅರಿಶಿನದ ಬಣ್ಣ ಇನ್ನೂ ಹೋಗಿರಲಿಲ್ಲ. ಹಬ್ಬ ನನಗಷ್ಟೇ ಆಗಿತ್ತು. ಮುಂದಿನ ಯುಗಾದಿ ನಾನು ಮಾಡ್ತೀನಿ ಅಂತ ಆವತ್ತೇ ಹೇಳಿದೆ.

ನಮ್ಮದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ. ಹಬ್ಬದ ದಿನ ಅಕ್ಕ ಅಡುಗೆಮನೆಯಲ್ಲಿ, ನಾನು ಜಗಲಿಯ ಮೇಲೆ. ನೀರು ಕುಡಿಯಲು ಒಳಗೆ ಹೋದರೂ "ಇಲ್ಲಿ ನಿನಗೇನೋ ಕೆಲಸ, ಹೋಗು ಓದ್ಕೋ" ಅನ್ನುತ್ತಿದ್ದರು. ಪಿಯುಸಿಗೆ ಹಾಸ್ಟೆಲ್, ಇಂಜಿನಿಯರಿಂಗ್‌ಗೆ ಹಾಸ್ಟೆಲ್, ಬೆಂಗಳೂರಿನಲ್ಲಿ ಪೀಜಿ, ಆಮೇಲೆ ಮದುವೆ. ಒಲೆ ಹಚ್ಚುವ ಪ್ರಸಂಗವೇ ಬರಲಿಲ್ಲ. ಮನೆಯಲ್ಲಿ ಇದನ್ನು ಮುದ್ದು ಅಂತ ಕರೆಯುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಈಗ ಅನ್ನಿಸುವುದು, ನನಗೆ ಕೊಡಬೇಕಾದ ಒಂದು ವಿದ್ಯೆಯನ್ನು ಪ್ರೀತಿಯಿಂದಲೇ ಕೊಡದೆ ಬಿಟ್ಟರು ಅಂತ.

ಮನೆಗೆಲಸದ ಮೊದಲ ಪಾಠ ನನಗೆ ಆದದ್ದು ಅಡುಗೆಮನೆಯಲ್ಲಲ್ಲ, ಮೆಟ್ಟಿಲ ಮೇಲೆ. ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ, ಗುಡಿಸುವ ವಾರ ಅಂತ ಅರ್ಥ. ಕಟ್ಟಡದ ಮನೆಗಳು ವಾರಕ್ಕೊಂದರಂತೆ ಸರದಿಯ ಮೇಲೆ ಮೆಟ್ಟಿಲು ಒರೆಸಬೇಕು. ಸರದಿ ಬಂದ ಮನೆಯ ಬಾಗಿಲಿಗೆ ಒಂದು ಫಲಕ ಬಂದು ನೇತಾಡುತ್ತದೆ. ನಾನು ಮೊದಲ ಸಲ ಒರೆಸಿದಾಗ ನೆಲದಂತಸ್ತಿನ ಅಜ್ಜಿ ಬಂದು ನೋಡಿ, ಏನೂ ಬೈಯದೆ, ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಹಿಂಡಿ ತೋರಿಸಿದರು. ನೀರು ತೊಟ್ಟಿಕ್ಕಬಾರದು, ಮೇಲಿನ ಮೆಟ್ಟಿಲಿಂದ ಕೆಳಕ್ಕೆ ಬರಬೇಕು, ಮೂಲೆಗೆ ಬೆರಳು ಹೋಗಬೇಕು. ಊರಲ್ಲಿ ಅಮ್ಮ ಬೆಳಗಾಗೆದ್ದು ಬಾಗಿಲು ಸಾರಿಸುತ್ತಿದ್ದದ್ದು ಇದೇ ಕೆಲಸವಲ್ಲವೇ? ಅದರಲ್ಲೂ ಒಂದು ಕ್ರಮ ಇದ್ದಿರಬೇಕು. ನಾನು ಆ ಒದ್ದೆ ನೆಲವನ್ನು ದಾಟಿಕೊಂಡು ಸ್ಕೂಲಿಗೆ ಹೋದವನು, ನೋಡಲೇ ಇಲ್ಲ.

2025ರ ಯುಗಾದಿ ಮಾರ್ಚ್ 30, ಭಾನುವಾರ. ಫೆಬ್ರವರಿಯಲ್ಲೇ ಅಭ್ಯಾಸ ಶುರು ಮಾಡಿದೆ. ಮೊದಲ ಸಲ ಕಣಕ ಹರಿದು ಹೂರಣವೆಲ್ಲ ಕಾವಲಿಗೆ ಹತ್ತಿಕೊಂಡಿತು. "ಮೈದಾ ಯಾವುದು ಹಾಕಿದೆ?" ಅಂದರು ಅಮ್ಮ. ಇಲ್ಲಿ ಹಿಟ್ಟಿಗೆ ನಂಬರು. ಕೇಕಿಗೆ ಬಳಸುವ ನುಣುಪು ಹಿಟ್ಟು 405, ಬ್ರೆಡ್ಡಿಗೆ 550. ನಾನು ಹಾಕಿದ್ದು 405. ಮುಂದಿನ ವಾರ 550 ತಂದು, ಅದಕ್ಕೆ ಒಂದು ಹಿಡಿ ಚಿರೋಟಿ ರವೆ ಸೇರಿಸಿ, ಕೈಗೆ ಅಂಟುವಷ್ಟು ಮೆತ್ತಗೆ ಕಲೆಸಿ, ಮೇಲೆ ಎಣ್ಣೆ ಸುರಿದು ಮೂರು ಗಂಟೆ ಬಿಟ್ಟೆ. ಎಳೆದರೆ ರಬ್ಬರಿನ ಹಾಗೆ ಬಂತು. "ಎಣ್ಣೆ ನೋಡಿ ಹೆದರಬೇಡ, ಕಣಕ ತನಗೆ ಬೇಕಾದಷ್ಟು ಕುಡಿಯುತ್ತೆ" ಅಂತ ಅಮ್ಮ ಎರಡು ಸಲ ಹೇಳಿದ್ದರು.

ಹಬ್ಬದ ಹಿಂದಿನ ದಿನ, ಶನಿವಾರವೇ ಹೂರಣ ಆಗಬೇಕಿತ್ತು. ಭಾನುವಾರ ಇಲ್ಲಿ ಅಂಗಡಿ ಮುಚ್ಚಿರುತ್ತವೆ, ಸದ್ದು ಮಾಡುವುದೂ ಸಲ್ಲದು, ಮಿಕ್ಸಿ ಹಾಕಿದರೆ ಪಕ್ಕದ ಮನೆಗೆ ತೊಂದರೆ. ಬೇಳೆ ತೊಳೆದು ನೀರು ಕಾಯಲು ಇಡುವ ಹೊತ್ತಿಗೆ ಅಮ್ಮನ ಫೋನು. ಆವತ್ತು ಅಮಾವಾಸ್ಯೆ, ಸೂರ್ಯಗ್ರಹಣ. ನಮ್ಮ ದೇಶದಲ್ಲಿ ಕಾಣದು, ಅದಕ್ಕೆ ಊರಲ್ಲಿ ಆಚರಣೆ ಇಲ್ಲ. ಆದರೆ ಯುರೋಪಿನಲ್ಲಿ ಪಾರ್ಶ್ವಗ್ರಹಣ ಕಾಣುತ್ತಿತ್ತು. "ನಿಮಗೆ ಕಾಣುತ್ತಂತಲ್ಲ, ಮೋಕ್ಷ ಆಗೋವರೆಗೂ ಒಲೆ ಮುಟ್ಟಬೇಡ" ಅಂದರು. ಸೂರ್ಯನ ಒಂದು ಅಂಚು ಮಾತ್ರ ಮರೆಯಾಗುವ ಗ್ರಹಣ ಅದು. ಆದರೂ ವಿದ್ಯೆ ಅವರದು, ನಾನು ಕಲಿಯುವವನು. ಬೇಳೆ ಹಾಗೇ ಮುಚ್ಚಿಟ್ಟು, ಬಕೆಟ್ಟು ಹಿಡಿದು ಮೆಟ್ಟಿಲು ಒರೆಸಲು ಹೋದೆ. ಆ ವಾರ ಫಲಕ ನಮ್ಮ ಬಾಗಿಲಲ್ಲೇ ಇತ್ತು. ಕೊನೆಯ ಮೆಟ್ಟಿಲು ಮುಗಿಸಿ ಸ್ನಾನ ಮಾಡಿ ಬರುವಷ್ಟರಲ್ಲಿ ಗ್ರಹಣವೂ ಬಿಟ್ಟಿತ್ತು.

ಒಂದು ಪಾವು ತೊಗರಿಬೇಳೆ. ಕುಕ್ಕರಿನಲ್ಲಿ ಕೂಡದು, ತೆರೆದ ಪಾತ್ರೆಯಲ್ಲೇ ಬೇಯಬೇಕು. ಎಷ್ಟು ನಿಮಿಷ ಅಂತ ಕೇಳಿದ್ದೆ. "ನಿಮಿಷ ಯಾಕೆ, ಒಂದು ಕಾಳು ತೆಗೆದು ಹಿಸುಕಿ ನೋಡು. ಬೆರಳಲ್ಲಿ ಪುಡಿಯಾಗಬೇಕು, ಕರಗಿ ಹೋಗಬಾರದು." ಒಂಬತ್ತು ಸಲ ಹಿಸುಕಿದೆ. ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ಇದ್ದ ವ್ಯತ್ಯಾಸ ಬೆರಳಿಗೆ ಮಾತ್ರ ಗೊತ್ತಾಯಿತು, ಕಣ್ಣಿಗೆ ಎರಡೂ ಒಂದೇ. ಕೂಡಲೇ ಇಳಿಸಿ ಬಸಿದೆ. ಬಸಿಯುವಾಗ ಹೆಂಡತಿ ಹಿಂದಿನಿಂದ "ಕಟ್ಟು ಚೆಲ್ಲಬೇಡ" ಅಂದಳು, ಅದೇ ಗಳಿಗೆಗೆ ಮೇಜಿನ ಮೇಲಿದ್ದ ಫೋನಿನಿಂದ ಅಮ್ಮನೂ ಅದನ್ನೇ ಅಂದರು. ಬೇಳೆ ಬೆಂದ ನೀರೇ ಒಬ್ಬಟ್ಟಿನ ಸಾರಿಗೆ ಜೀವ. ಅದನ್ನು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟೆ.

ಬೆಲ್ಲ ಹಾಕಿದ ಮೇಲೆ ಬೇಳೆ ನೀರು ಬಿಟ್ಟುಕೊಳ್ಳುತ್ತದೆ. ಅಲ್ಲಿ ತಾಳ್ಮೆ ಬೇಕು. ಇಲ್ಲಿನ ಗಾಜಿನ ಒಲೆ ಕಾಯುವುದೂ ನಿಧಾನ, ಆರುವುದೂ ನಿಧಾನ, ಉರಿ ಸಣ್ಣ ಮಾಡಿದರೂ ಸ್ವಲ್ಪ ಹೊತ್ತು ಅದೇ ಕಾವು. ಪಾತ್ರೆಯನ್ನೇ ಎತ್ತಿ ಹಿಡಿದು ಕೈಯಾಡಿಸಿದೆ. ಸೌಟು ನೆಟ್ಟರೆ ನಿಲ್ಲಬೇಕು ಅಂತ ಅಮ್ಮನ ಅಳತೆ. ನಿಂತಿತು. ತೆಂಗಿನಕಾಯಿ, ಏಲಕ್ಕಿ ಹಾಕಿ, ಸಂಜೆ ಆರರೊಳಗೆ ರುಬ್ಬಿ ಮುಗಿಸಿದೆ.

ಆ ರಾತ್ರಿಯೇ ಯುರೋಪಿನ ಗಡಿಯಾರಗಳು ಬೇಸಿಗೆಯ ಸಮಯಕ್ಕೆ ಒಂದು ಗಂಟೆ ಮುಂದೆ ಹೋದವು. ಊರಿಗೂ ನಮಗೂ ಇದ್ದ ನಾಲ್ಕೂವರೆ ಗಂಟೆಯ ಅಂತರ ಮೂರೂವರೆ ಆಯಿತು. ಅಮ್ಮ ಪೂಜೆ ಮುಗಿಸಿ ಒಂಬತ್ತಕ್ಕೆ ವಿಡಿಯೋ ಕಾಲ್ ಮಾಡಿದಾಗ ನಮಗೆ ಐದೂವರೆ. ನಾನಾಗಲೇ ಎಣ್ಣೆ ನೀರು ಮುಗಿಸಿ ತೋರಣ ಕಟ್ಟುತ್ತಿದ್ದೆ. ಮಾವಿನೆಲೆ ಎಲ್ಲಿ ಬರಬೇಕು? ಇಲ್ಲಿನ ಬೇಲಿಗಳಲ್ಲಿ ಚಳಿಗಾಲದಲ್ಲೂ ಹಸಿರಾಗಿರುವ ಚೆರಿ ಲಾರೆಲ್ ಎಲೆ ಉದ್ದಕ್ಕೆ, ಹೊಳಪಿಗೆ ಅದನ್ನೇ ಹೋಲುತ್ತದೆ. ಬಾಯಿಗೆ ಹಾಕಿದರೆ ವಿಷ, ಬಾಗಿಲಿಗೆ ಮಾತ್ರ. ಬೇವಿನ ಹೂವು ಶ್ರೀಲಂಕಾದ ತಮಿಳರ ಅಂಗಡಿಯಲ್ಲಿ ಸಿಕ್ಕಿತ್ತು, ಒಣಗಿಸಿ ಪೊಟ್ಟಣ ಕಟ್ಟಿದ್ದು. ಕಹಿಗೇನೂ ಕಡಿಮೆಯಿಲ್ಲ. "ಶತಾಯುರ್ವಜ್ರದೇಹಾಯ" ಅಂತ ಅಮ್ಮ ಅಲ್ಲಿಂದ ಹೇಳಿಕೊಟ್ಟರು, ನಾನು ಇಲ್ಲಿ ಬಾಯಿಗೆ ಹಾಕಿಕೊಂಡೆ. ವಿಶ್ವಾವಸು ಸಂವತ್ಸರ ಹುಟ್ಟಿತು.

ಬಾಳೆಲೆಯ ಬದಲು ಬೇಕಿಂಗ್ ಪೇಪರಿಗೆ ಎಣ್ಣೆ ಸವರಿ ತಟ್ಟಿದೆ. ಬೆರಳ ತುದಿಯಿಂದ, ನಡುವಿನಿಂದ ಅಂಚಿಗೆ. ಅಂಚು ದಪ್ಪ ಉಳಿದರೆ ಬರೀ ಹಿಟ್ಟು ತಿಂದ ಹಾಗಾಗುತ್ತದೆ. ಹದಿನಾಲ್ಕರಲ್ಲಿ ಮೂರು ಹರಿದವು. ಹೆಂಡತಿ ಆವತ್ತು ಎಂಟಕ್ಕೆ ಎದ್ದಳು. ತುಪ್ಪ ಹಾಕಿಕೊಂಡು ಮೊದಲನೆಯದನ್ನು ಮುರಿದು ಬಾಯಿಗಿಟ್ಟು, ಏನೂ ಹೇಳದೆ ಎರಡನೆಯದಕ್ಕೆ ತಟ್ಟೆ ಚಾಚಿದಳು. ಅಷ್ಟು ಸಾಕಾಗಿತ್ತು ನನಗೆ.

ಸಂಜೆ ಅಕ್ಕನಿಗೆ ಫೋನ್ ಮಾಡಿ ಕಣಕ, ಹೂರಣ, ಸೌಟು ನಿಂತದ್ದು ಎಲ್ಲ ವರದಿ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ನನ್ನ ಕೈಗೆ ಹತ್ತು ವರ್ಷಕ್ಕೇ ಸೌಟು ಕೊಟ್ರು ಕಣೋ. ಕಲೀತೀಯಾ ಅಂತ ಯಾರೂ ಕೇಳಲಿಲ್ಲ. ನಿನಗೆ ಇದು ಖುಷಿ ಕೊಡ್ತಿದೆ, ಒಳ್ಳೇದಾಯ್ತು. ನನಗೆ ಬೆಳಗಿಂದ ನಿಂತು ನಿಂತು ಬೆನ್ನು ಹಿಡ್ಕೊಂಡಿದೆ." ಏನು ಹೇಳಬೇಕೋ ತಿಳಿಯಲಿಲ್ಲ. ನನಗೆ ಕಲಿಸದೆ ಬಿಟ್ಟದ್ದೆಲ್ಲ ಅವಳ ತಲೆಯ ಮೇಲೆ ಬಿದ್ದಿತ್ತು. ಇಷ್ಟು ವರ್ಷ ನಾನು ಆ ಲೆಕ್ಕವನ್ನೇ ಹಾಕಿರಲಿಲ್ಲ.

"ಗೌರಿ ಹಬ್ಬಕ್ಕೆ ಬರ್ತೀಯಲ್ಲ, ಆವಾಗ ನೀನು ಮಾಡು. ನಾನು ರೇಷ್ಮೆ ಸೀರೆ ಉಟ್ಟು ಕೂತಿರ್ತೀನಿ, ಬಿಸಿಬಿಸಿ ತಂದು ಹಾಕು" ಅಂದಳು.

ಮಾಡ್ತೀನಿ ಅಂದೆ. ಆ ವರ್ಷ ಆಗಸ್ಟ್ 26ಕ್ಕೆ ಗೌರಿ, ಮನೆಯಲ್ಲಿ ಆವತ್ತು ಹದಿನೈದು ಜನ ಆಗುತ್ತಿದ್ದೆವು. ಸೋಮವಾರ ಕಟ್ಟಿನ ಸಾರು ಕುದಿಯುತ್ತಿದ್ದಾಗಲೇ ಅಮ್ಮನಿಗೆ ಮತ್ತೆ ಫೋನ್ ಹಚ್ಚಿದೆ. ಒಂದು ಪಾವಿನ ಹದ ಬೆರಳಿಗೆ ಸಿಕ್ಕಿದೆ, ಒಂದು ಸೇರು ಬೇಳೆಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸೋದು ಹೇಗೆ ಅಂತ ಕೇಳಬೇಕಿತ್ತು.