ಬಟನ್ ಒತ್ತಿ ಮಾತಾಡುವ ಫೋನು: ಚಂದಾ ಕಟ್ಟಬೇಕಾ, ಬೇಡವಾ?

ಮೂರು ವಾರದಿಂದ ಎರಡು ಫೋನ್ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಒಂದರಲ್ಲಿ ಮೊಬೈಲ್ ಕಂಪನಿಯೇ ಕೊಡುವ ಪುಶ್ ಟು ಟಾಕ್ ಸೇವೆ (ವಾಕಿಟಾಕಿ ಥರ ಬಟನ್ ಒತ್ತಿ ಮಾತಾಡೋದು), ಟ್ರಯಲ್ ಮೇಲೆ. ಇನ್ನೊಂದರಲ್ಲಿ ಅದೇ ಕೆಲಸ ಮಾಡುವ ಆ್ಯಪ್. ಸೊಂಟಕ್ಕೆ ಹಳೆ ವಾಕಿಟಾಕಿ ಬೇರೆ ಸಿಕ್ಕಿಸಿಕೊಂಡಿರುತ್ತೇನೆ.

ನಮ್ಮದು ಸ್ಟೇಜ್ ಕಟ್ಟಿ, ಲೈಟು, ಸೌಂಡು ಹಾಕುವ ಕೆಲಸ. ಹನ್ನೆರಡು ಜನ. ಒಬ್ಬ ಏಣಿ ಮೇಲಿರುತ್ತಾನೆ, ಒಬ್ಬ ಜನರೇಟರ್ ಹತ್ತಿರ, ಇನ್ನೊಬ್ಬ ಮಿಕ್ಸರ್ ಮುಂದೆ. ಏಣಿ ಮೇಲಿರುವವನು ಜೇಬಿಂದ ಫೋನ್ ತೆಗೆದು, ಲಾಕ್ ಬಿಚ್ಚಿ, ನಂಬರ್ ಹುಡುಕಿ, ಆ ಕಡೆಯವರು ಎತ್ತುವವರೆಗೂ ಕಾಯೋಕೆ ಆಗಲ್ಲ. ಗುಂಪಿಗೆ ವಾಯ್ಸ್ ಮೆಸೇಜ್ ಹಾಕಿದರೆ ಅದನ್ನು ಯಾರು ಯಾವಾಗ ಕೇಳುತ್ತಾರೋ ಗೊತ್ತಿಲ್ಲ. ಬಟನ್ ಒತ್ತಿದರೆ ಎಲ್ಲರಿಗೂ ಒಟ್ಟಿಗೆ ಕೇಳಬೇಕು. ನಮಗೆ ಬೇಕಿರೋದು ಅಷ್ಟೇ.

ಇದು ಹೊಸ ವಿಷಯವೇನಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲೇ ನೆಕ್ಸ್‌ಟೆಲ್ ಕಂಪನಿ ಡೈರೆಕ್ಟ್ ಕನೆಕ್ಟ್ ಅಂತ ಇದನ್ನು ಕೊಡುತ್ತಿತ್ತು. ಮೊಟೊರೊಲಾದ ಐಡೆನ್ ನೆಟ್‌ವರ್ಕ್ ಮೇಲೆ ಓಡುತ್ತಿತ್ತು ಅದು, ಕಟ್ಟಡ ಕೆಲಸದವರಿಗೆ ಅಚ್ಚುಮೆಚ್ಚು. ಆಮೇಲೆ ಸ್ಪ್ರಿಂಟ್ ಅನ್ನೋ ಇನ್ನೊಂದು ಮೊಬೈಲ್ ಕಂಪನಿ ಆ ಕಂಪನಿಯನ್ನು ಕೊಂಡುಕೊಂಡಿತು, 2013ರ ಜೂನ್ 30ಕ್ಕೆ ಆ ನೆಟ್‌ವರ್ಕನ್ನೇ ನಿಲ್ಲಿಸಿತು. ಸೆಟ್ ಚೆನ್ನಾಗಿದ್ದರೂ ಅವತ್ತಿಂದ ಅದು ಆ ಕೆಲಸಕ್ಕೆ ಬರಲಿಲ್ಲ. ಹಾಗಾಗಿ ಒಂದೇ ಕಂಪನಿಯ ಸೇವೆಗೆ ಮಾತ್ರ ನಡೆಯುವ ಸೆಟ್ ಕೊಳ್ಳಲು ನನಗೆ ಮನಸ್ಸಿಲ್ಲ.

ಸೇವೆಗಳನ್ನು ಹೋಲಿಸಲು ಕೂತಾಗ ಮೊದಲು ಎಲ್ಲರಂತೆ ನಾನೂ ಫೀಚರ್ ಪಟ್ಟಿ ನೋಡಿದೆ. ಗುಂಪಿನಲ್ಲಿ ಎಷ್ಟು ಜನ, ಮ್ಯಾಪ್ ಇದೆಯಾ, ಫೋಟೋ ಹೋಗುತ್ತಾ. ಎರಡು ದಿನ ಬಳಸಿದ ಮೇಲೆ ಆ ಪಟ್ಟಿ ಪಕ್ಕಕ್ಕಿಟ್ಟೆ. ನಿಜವಾಗಿ ನೋಡಬೇಕಾದ್ದು ಬಟನ್ ಒತ್ತಿದ ಮೊದಲ ಒಂದು ಸೆಕೆಂಡಿನಲ್ಲಿ ಏನಾಗುತ್ತೆ ಅನ್ನೋದನ್ನ.

ಇಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಬಟನ್ ಒತ್ತಿದಾಗ ಫೋನು ಆ ಸೇವೆಯ ಸರ್ವರ್ ಹತ್ತಿರ ಮಾತಾಡುವ ಸರದಿ ಕೇಳುತ್ತೆ. ಸಿಕ್ಕಿದರೆ ಒಂದು ಬೀಪ್ ಬರುತ್ತೆ, ಆಮೇಲೆ ಮಾತಾಡಬೇಕು. ಬೀಪ್ ಬರುವ ಮುಂಚೆ ಆಡಿದ ಮಾತು ಹೋಯ್ತು ಅಂತಲೇ ಲೆಕ್ಕ. ಪರೀಕ್ಷೆಗೆ ನಾನು ಸುಲಭದ ದಾರಿ ಹಿಡಿದೆ. ಬಟನ್ ಒತ್ತಿದ ಕೂಡಲೇ, ಬೀಪಿಗೆ ಕಾಯದೆ, ಒಂದು ಎರಡು ಮೂರು ಅಂತ ಬೇಗ ಬೇಗ ಎಣಿಸೋದು, ಆ ಕಡೆ ಇರುವವನಿಗೆ ಎಲ್ಲಿಂದ ಕೇಳಿತು ಅಂತ ಕೇಳೋದು. ಕಂಪನಿ ಸೇವೆಯಲ್ಲಿ ಹೆಚ್ಚಿನ ಸಲ 'ಒಂದು' ಅರ್ಧವಾದರೂ ಕೇಳುತ್ತಿತ್ತು. ಆ್ಯಪ್‌ನಲ್ಲಿ ಫೋನ್ ಎಚ್ಚರವಾಗಿದ್ದಾಗ ಅದೇ ಥರ. ಆದರೆ ಹತ್ತು ನಿಮಿಷ ಸುಮ್ನೆ ಜೇಬಲ್ಲಿದ್ದ ಫೋನಿಗೆ ಒಂದು ಸಲ 'ಮೂರು' ಮಾತ್ರ ಕೇಳಿತು, ಇನ್ನೊಂದು ಸಲ ಏನೂ ಇಲ್ಲ.

ಇದಕ್ಕೆ ಕಾರಣ ಹಲವು ಸಲ ಸೇವೆ ಅಲ್ಲ, ಫೋನೇ. ಬ್ಯಾಟರಿ ಉಳಿಸಬೇಕು ಅಂತ ಎಷ್ಟೋ ಆಂಡ್ರಾಯ್ಡ್ ಫೋನುಗಳು ಹಿಂದೆ ಓಡುವ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ಸೆಟ್ಟಿಂಗ್‌ನಲ್ಲಿ ಹೋಗಿ ಆ ಆ್ಯಪ್‌ಗೆ ಬ್ಯಾಟರಿ ಮಿತಿ ತೆಗೆದ ಮೇಲೆ ನಮ್ಮಲ್ಲಿ ತೊಂದರೆ ಬಹಳ ಕಡಿಮೆಯಾಯಿತು. ಐಫೋನ್‌ನಲ್ಲಿ ಇಂಥ ಆ್ಯಪ್‌ಗಳಿಗೆಂದೇ ಆಪಲ್ 2022ರಲ್ಲಿ, ಐಓಎಸ್ 16ರ ಜೊತೆ, ಬೇರೆ ವ್ಯವಸ್ಥೆ ಕೊಟ್ಟಿದೆ. ನೀವು ನೋಡುತ್ತಿರುವ ಆ್ಯಪ್ ಅದನ್ನು ಬಳಸುತ್ತಾ ಅಂತ ಕೇಳಿ.

ಈಗ ನನ್ನನ್ನು ನಿಜಕ್ಕೂ ಹೆದರಿಸಿದ ವಿಷಯ. ಎರಡನೇ ವಾರ ಲೈಟಿನ ಹುಡುಗ ಬೋರ್ಡ್ ಬಿಚ್ಚಿ ವೈರ್ ಸರಿ ಮಾಡುತ್ತಿದ್ದ. ಬಟನ್ ಒತ್ತಿ "ಅಣ್ಣ, ಮೇನ್ ಆನ್ ಮಾಡ್ಬೇಡ" ಅಂದ. ಆದರೆ ಮಾತು ಮುಗಿಯುವ ಮುಂಚೆ ಹೆಬ್ಬೆರಳು ಬಟನ್‌ನಿಂದ ಎದ್ದಿತ್ತು. ಜನರೇಟರ್ ಹತ್ತಿರ ಇದ್ದವರಿಗೆ ಕೇಳಿದ್ದು "ಅಣ್ಣ, ಮೇನ್ ಆನ್ ಮಾಡ್" ಅಂತ. ಅವರು ಹಳಬರು, ಸುಮ್ನೆ ಮಾಡಲಿಲ್ಲ, "ಮಾಡ್ಲಾ?" ಅಂತ ತಿರುಗಿ ಕೇಳಿದರು. ಆ ಒಂದು ಪ್ರಶ್ನೆಯಿಂದ ಹುಡುಗ ಉಳಿದ. ನಮ್ಮ ಭಾಷೆಯಲ್ಲಿ 'ಬೇಡ' ಬರೋದು ಕೊನೆಗೆ ಅಲ್ವಾ? ಬಾಲ ಕತ್ತರಿಸಿದರೆ ಬೇಡ ಅನ್ನೋದು ಮಾಡು ಆಗಿಬಿಡುತ್ತೆ. ಅವತ್ತಿಂದ ನಮ್ಮಲ್ಲಿ ನಿಯಮ: ಬೀಪ್ ಬಂದ ಮೇಲೆ ಮಾತು, 'ಬೇಡ' ಮೊದಲೂ ಹೇಳಬೇಕು ಕೊನೆಗೂ ಹೇಳಬೇಕು, ಕರೆಂಟಿನ ವಿಷಯವಾದರೆ ಕೇಳಿದವರು ತಿರುಗಿ ಹೇಳಲೇಬೇಕು. ಯಾವ ಸೇವೆ ತಗೊಂಡರೂ ಇದು ಬದಲಾಗಲ್ಲ.

ಆ ಘಟನೆ ಆದ ಮೇಲೆ ಸ್ಕ್ರೀನ್ ಮೇಲಿನ ಬಟನ್ ಬೇಡವೇ ಬೇಡ ಅಂತ ತೀರ್ಮಾನಿಸಿದೆ. ಗ್ಲೌಸ್ ಹಾಕಿದ ಬೆರಳಿಗೆ ಅದು ಸಿಗೋದೂ ಇಲ್ಲ, ಒತ್ತಿದ್ದು ಬಿಟ್ಟಿದ್ದು ಗೊತ್ತಾಗೋದೂ ಇಲ್ಲ. ಪಕ್ಕದಲ್ಲೇ ದಪ್ಪ ಬಟನ್ ಇರುವ ಗಟ್ಟಿ ಫೋನ್ ಬೇಕು, ಇಲ್ಲಾ ಕಾಲರ್‌ಗೆ ಸಿಕ್ಕಿಸುವ ಮೈಕ್ ಬೇಕು. ಚಂದಾ ಲೆಕ್ಕ ಹಾಕುವಾಗ ಇದರ ಖರ್ಚನ್ನೂ ಸೇರಿಸಿ, ಎಲ್ಲರೂ ಮರೆಯೋದು ಇದನ್ನೇ.

ಇನ್ನು ಜನಜಂಗುಳಿ. ಕಾರ್ಯಕ್ರಮ ಶುರುವಾಗಿ ಮೈದಾನ ತುಂಬಿದ ಮೇಲೆ ಎಲ್ಲರೂ ವಿಡಿಯೋ ಕಳಿಸೋಕೆ ಶುರು ಮಾಡುತ್ತಾರೆ, ಡೇಟಾ ತೆವಳುತ್ತೆ. ಕಂಪನಿ ಸೇವೆಯೂ ಆ್ಯಪ್ಪೂ ಓಡೋದು ಅದೇ ನೆಟ್‌ವರ್ಕ್ ಮೇಲೆ. ಪೊಲೀಸ್, ಅಗ್ನಿಶಾಮಕದವರಿಗಾಗಿ ಎಂಸಿಪಿಟಿಟಿ (ಮಿಷನ್ ಕ್ರಿಟಿಕಲ್ ಪುಶ್ ಟು ಟಾಕ್) ಅಂತ ಒಂದು ಮಾನದಂಡ 2016ರಲ್ಲಿ ಬಂತು. ಅದರಲ್ಲಿ ಬಟನ್ ಒತ್ತಿ 0.3 ಸೆಕೆಂಡಿನೊಳಗೆ ಸರದಿ ಸಿಗಬೇಕು, ನೂರಕ್ಕೆ 95 ಸಲ. ನೆಟ್‌ವರ್ಕ್‌ನಲ್ಲಿ ಅವರ ಮಾತಿಗೆ ಆದ್ಯತೆಯೂ ಇರುತ್ತೆ. ನಮ್ಮಂಥವರಿಗೆ ಮಾರುವ ಪ್ಲಾನ್‌ನಲ್ಲಿ ಆ ಆದ್ಯತೆ ಇದೆಯಾ ಅಂತ ಬರಹದಲ್ಲೇ ಕೇಳಬೇಕು. ನಾನು ಕೇಳಿದೆ. "ತುಂಬಾ ಫಾಸ್ಟ್ ಸರ್" ಅಂದರು, ಆದ್ಯತೆ ಇದೆ ಅಂತ ಮಾತ್ರ ಬರೆದು ಕೊಡಲಿಲ್ಲ.

ನೆಟ್‌ವರ್ಕ್ ಇಲ್ಲದಿದ್ದರೆ ಆ್ಯಪ್ ನಡೆಯಲ್ಲ, ಇದನ್ನು ಒತ್ತಿ ಹೇಳಬೇಕು. 2017ರಲ್ಲಿ ಇರ್ಮಾ ಚಂಡಮಾರುತ ಬರುವಾಗ ಅಮೆರಿಕದಲ್ಲಿ ಜೆಲ್ಲೋ ಅನ್ನೋ ಇಂಥದ್ದೇ ಆ್ಯಪ್ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತೆ ಅಂತ ಸುದ್ದಿ ಹಬ್ಬಿ ಜನ ಮುಗಿಬಿದ್ದು ಹಾಕಿಕೊಂಡರು. ಹಾಗಿಲ್ಲ, ವೈಫೈ ಅಥವಾ ಮೊಬೈಲ್ ಡೇಟಾ ಬೇಕೇ ಬೇಕು ಅಂತ ಕಂಪನಿಯೇ ಹೇಳಬೇಕಾಯಿತು. ಸೆಟ್‌ನಿಂದ ಸೆಟ್‌ಗೆ ನೇರ ಹೋಗೋದು ನನ್ನ ಹತ್ತಿರ ಇರುವ ಮೂರರಲ್ಲಿ ವಾಕಿಟಾಕಿ ಮಾತ್ರ. ನಮ್ಮ ನೆಲಮಾಳಿಗೆ ಕೆಲಸಕ್ಕೆ ಇವತ್ತಿಗೂ ಅದೇ ಗತಿ. ಆದರೆ ದೂರ ಹೋದರೆ, ಗೋಡೆ ಜಾಸ್ತಿಯಾದರೆ ಅದೂ ಕೈ ಕೊಡುತ್ತೆ, ಯಾವ ರೇಡಿಯೋ ಬ್ಯಾಂಡಿಗೆ (ತರಂಗಾಂತರಕ್ಕೆ) ಲೈಸೆನ್ಸ್ ಬೇಕು ಅನ್ನೋದನ್ನೂ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ಒಂದು ಸೇವೆಯವರು ಇನ್ನೊಂದು ಸೇವೆಯವರ ಜೊತೆ ಸಾಮಾನ್ಯವಾಗಿ ಮಾತಾಡೋಕೆ ಆಗಲ್ಲ, ತಂಡ ಪೂರ್ತಿ ಒಂದೇ ಕಡೆ ಇರಬೇಕು. ನಮ್ಮವರ ಸಿಮ್‌ಗಳು ಬೇರೆ ಬೇರೆ ಕಂಪನಿಯವು. ಕಂಪನಿ ಸೇವೆಗೆ ಹೋದರೆ ಎಲ್ಲರ ಸಿಮ್ ಬದಲಿಸಬೇಕು, ಅದೂ ವರ್ಷದ ಒಪ್ಪಂದಕ್ಕೆ. ಆ್ಯಪ್‌ಗೆ ಆ ತಲೆನೋವಿಲ್ಲ. ಮತ್ತೆ ಮ್ಯಾಪ್ ಮೇಲೆ ಯಾರು ಎಲ್ಲಿದ್ದಾರೆ ಅಂತ ತೋರಿಸುವ ಸೌಲಭ್ಯ ಎರಡರಲ್ಲೂ ಇತ್ತು. ಹುಡುಗರನ್ನು ಕೇಳಿದೆ, ಕೆಲಸದ ಹೊತ್ತಲ್ಲಿ ಪರವಾಗಿಲ್ಲ, ಮನೆಗೆ ಹೋದ ಮೇಲೆ ಬೇಡ ಅಂದರು. ಸರಿಯಾಗೇ ಹೇಳಿದರು. ಡ್ಯೂಟಿ ಮುಗಿದ ಮೇಲೆ ಅದನ್ನು ಆಫ್ ಇಡುತ್ತೇವೆ.

ಹೀಗೆ ನೋಡಿ, ಕಂಪನಿ ಸೇವೆ ಕೈಬಿಟ್ಟೆ. ಆ್ಯಪ್‌ನ ದುಡ್ಡು ಕೊಡುವ ಪ್ಲಾನನ್ನೇ, ತಿಂಗಳ ಲೆಕ್ಕದಲ್ಲಿ, ಆರು ಜನಕ್ಕೆ ಮಾತ್ರ ತಗೊಂಡಿದ್ದೇನೆ: ಏಣಿಯವರು ಇಬ್ಬರು, ಜನರೇಟರ್, ಲೈಟು, ಮಿಕ್ಸರ್, ಮತ್ತೆ ನಾನು. ಆರಕ್ಕೂ ಕಾಲರ್ ಮೈಕ್. ಮಿಕ್ಸರ್ ಹತ್ತಿರ ನಮ್ಮದೇ ವೈಫೈ ರೂಟರ್, ಅದಕ್ಕೆ ಡೇಟಾ ಮೊಬೈಲಿಂದಲ್ಲ, ಜಾಗದವರ ಕೇಬಲ್ ಲೈನಿಂದ. ಎರಡು ವಾಕಿಟಾಕಿ ಚಾರ್ಜ್ ಆಗಿಯೇ ಪೆಟ್ಟಿಗೆಯಲ್ಲಿರುತ್ತವೆ. ಮುಂದಿನ ದೊಡ್ಡ ಕಾರ್ಯಕ್ರಮದಲ್ಲಿ, ಮೈದಾನ ತುಂಬಿ ತುಳುಕುವಾಗ, ಮತ್ತೆ ಒಂದು ಎರಡು ಮೂರು ಎಣಿಸುತ್ತೇನೆ. 'ಒಂದು' ಕೇಳಿದರೆ ಉಳಿದ ಆರು ಜನಕ್ಕೂ ಕಟ್ಟುತ್ತೇನೆ.